ಕಾವಲಿಗೆ ನಾಲ್ಕೇ ಜನ: ಕರ್ನಲ್‌ನೊಳಗಿನ ಒಂದು ಹಂಚಿಕೆಯ ಚರಿತ್ರೆ

ಫೋನು ಇದ್ದಕ್ಕಿದ್ದಂತೆ ಆಫ್ ಆಗಿ, ಕಂಪನಿಯ ಹೆಸರು ತೋರಿಸಿ ಮತ್ತೆ ಆನ್ ಆಗುವುದನ್ನು ನೋಡದವರು ನಮ್ಮ ನೆಲ್ಯಾಡಿ ಕಡೆ ಯಾರೂ ಇರಲಿಕ್ಕಿಲ್ಲ. ಬ್ಯಾಟರಿ ಹೋಗಿದೆ, ಮಳೆಗೆ ನೀರು ಹೊಕ್ಕಿದೆ ಎಂದು ಏನೋ ಒಂದು ಕಾರಣ ಹೇಳಿಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಕೆಲವು ಸಲ ಮಾತ್ರ ತಪ್ಪು ಇರುವುದು ಫೋನಿನ ತಳದಲ್ಲಿ ಕೂತು ಎಲ್ಲವನ್ನೂ ನಡೆಸುವ ಕರ್ನಲ್ ಎಂಬ ಪ್ರೋಗ್ರಾಮಿನಲ್ಲಿ.

ಆಂಡ್ರಾಯ್ಡ್ ಫೋನುಗಳ ಕರ್ನಲ್ ಲಿನಕ್ಸ್. ಅದರ ಒಳಗಿನ ತಪ್ಪು ಹಿಡಿಯಲು ಬೇಕಾದ ಒಂದು ಸಾಧನವನ್ನು ಎಲ್ಲರೂ ಜಗಳವಿಲ್ಲದೆ ಬಳಸುವಂತೆ ಮಾಡುವ ಕೆಲಸಕ್ಕೆ ಹಲವು ವರ್ಷ ಹಿಡಿಯಿತು. ಆ ಕೆಲಸದ ಒಂದು ದೊಡ್ಡ ಪಾಲು ನಡೆದದ್ದು ನಮ್ಮ ಪೇಟೆಯ ಮುಂದೆ ಹಾದುಹೋಗುವ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ಬೆಂಗಳೂರಿನಲ್ಲಿ. ಈ ಸಲ ನಾವು ಆ ಚರಿತ್ರೆಯನ್ನು ಹೇಳುತ್ತೇವೆ.

ಗೊನೆ ಕಡಿದವರು ಯಾರು?

ಸಾವಿರ ಮರದ ಅಡಿಕೆ ತೋಟ ಎಂದುಕೊಳ್ಳಿ. ಒಂದೇ ಒಂದು ಮರದ ಗೊನೆ ಆಗಾಗ ಕಾಣೆಯಾಗುತ್ತದೆ. ತೋಟಕ್ಕೆ ಬರುವವರು ಹಲವರು: ಕೆಲಸದವರು, ನೆರೆಯವರು, ಪಂಪು ಹಾಕಲು ಬರುವವರು. ಗೊನೆ ಹೋದದ್ದು ಗೊತ್ತಾಗುವುದು ಮಾತ್ರ ಕೊಯ್ಲಿನ ದಿನ. ಅಷ್ಟರಲ್ಲಿ ತೆಗೆದವರು ಎಲ್ಲಿಗೋ ಹೋಗಿಯಾಗಿರುತ್ತದೆ.

ಕರ್ನಲ್‌ನಲ್ಲಿ ಆಗುವುದೂ ಇದೇ. ಕಂಪ್ಯೂಟರಿನ ನೆನಪು, ಅಂದರೆ ಮೆಮೊರಿ, ಬೈಟ್ ಎಂಬ ಸಣ್ಣ ಸಣ್ಣ ಕೋಣೆಗಳ ಸಾಲು. ಪ್ರತಿ ಕೋಣೆಗೂ ಒಂದು ವಿಳಾಸ ಇದೆ. ಒಂದು ಆ್ಯಪ್ ಇನ್ನೊಂದರ ಕೋಣೆಗೆ ಕೈ ಹಾಕದಂತೆ ನಡುವೆ ಗೋಡೆ ಇರುತ್ತದೆ. ಆದರೆ ಕರ್ನಲ್‌ನ ಒಳಭಾಗದಲ್ಲಿ ಅಂಥ ಗೋಡೆ ಇಲ್ಲ. ವೈಫೈ ನೋಡಿಕೊಳ್ಳುವ ಭಾಗ ಲೆಕ್ಕ ತಪ್ಪಿ ಫೈಲುಗಳನ್ನು ನೋಡಿಕೊಳ್ಳುವ ಭಾಗದ ಕೋಣೆಯಲ್ಲಿ ಬರೆದುಬಿಡಬಹುದು. ಬರೆದ ಕ್ಷಣ ಏನೂ ಆಗುವುದಿಲ್ಲ. ಫೈಲಿನ ಭಾಗ ಆ ಕೋಣೆ ತೆರೆದಾಗ ಎಲ್ಲವೂ ಕುಸಿಯುತ್ತದೆ. ದೂರು ಬೀಳುವುದು ಫೈಲಿನ ಭಾಗದ ಮೇಲೆ, ತಪ್ಪು ಮಾಡಿದ್ದು ವೈಫೈ.

ಇದನ್ನು ಹಿಡಿಯುವ ನೇರ ದಾರಿ ಒಂದೇ: ಆ ಮರದ ಬುಡದಲ್ಲೇ ಒಬ್ಬನನ್ನು ಕೂರಿಸುವುದು. ಯಾರು ಮುಟ್ಟಿದರೂ ಆ ಕ್ಷಣವೇ ಹಿಡಿದು ನಿಲ್ಲಿಸುವುದು.

1985: ಚಿಪ್ಪಿನೊಳಗೆ ಕಾವಲು

ಈ ಕಾವಲನ್ನು ಪ್ರೋಗ್ರಾಮಿನಿಂದಲೇ ಮಾಡಬಹುದು. ಒಂದೊಂದು ಹೆಜ್ಜೆಗೂ ಕಂಪ್ಯೂಟರನ್ನು ನಿಲ್ಲಿಸಿ, ಆ ಕೋಣೆ ಬದಲಾಯಿತೇ ಎಂದು ಇಣುಕಿ ನೋಡಿ ಮುಂದೆ ಬಿಡಬೇಕು. ಆದರೆ ಹೀಗೆ ಮಾಡಿದರೆ ಕೆಲಸ ನೂರಾರು ಪಟ್ಟು ನಿಧಾನವಾಗುತ್ತದೆ. ನಿಧಾನವಾದಾಗ ಎಷ್ಟೋ ತಪ್ಪುಗಳು ತಲೆ ಎತ್ತುವುದೇ ಇಲ್ಲ. ಊರೆಲ್ಲ ದೀಪ ಹಚ್ಚಿಟ್ಟ ರಾತ್ರಿ ಕಳ್ಳ ಬರುತ್ತಾನೆಯೇ?

ಆದ್ದರಿಂದ ಚಿಪ್ ಮಾಡುವವರು ಕಾವಲನ್ನು ಚಿಪ್ಪಿನೊಳಗೇ ಇಟ್ಟರು. ಐಬಿಎಂನ ಸಿಸ್ಟಂ 370 ಎಂಬ ದೊಡ್ಡ ಕಂಪ್ಯೂಟರುಗಳಲ್ಲಿ 1970ರ ದಶಕದಲ್ಲೇ ಇಂಥ ಏರ್ಪಾಡಿತ್ತು. ಮೇಜಿನ ಮೇಲಿಡುವ ಕಂಪ್ಯೂಟರಿಗೆ ಅದು ಬಂದದ್ದು 1985ರಲ್ಲಿ, ಇಂಟೆಲ್ ಕಂಪನಿಯ 80386 ಪ್ರೊಸೆಸರ್ ಜೊತೆ. ಇದರ ಹೆಸರು ಡೀಬಗ್ ರಿಜಿಸ್ಟರ್. ಬಗ್ ಅಂದರೆ ಪ್ರೋಗ್ರಾಮಿನ ತಪ್ಪು, ಡೀಬಗ್ ಅಂದರೆ ಅದನ್ನು ಹುಡುಕಿ ತೆಗೆಯುವುದು, ರಿಜಿಸ್ಟರ್ ಅಂದರೆ ಪ್ರೊಸೆಸರಿನ ಒಳಗೇ ಇರುವ ಪುಟ್ಟ ಹಲಗೆ.

ಡಿಆರ್0ರಿಂದ ಡಿಆರ್3ರ ತನಕ ನಾಲ್ಕು ಹಲಗೆಗಳಲ್ಲಿ ಕಾಯಬೇಕಾದ ವಿಳಾಸ ಬರೆಯುತ್ತಾರೆ. ಡಿಆರ್7ರಲ್ಲಿ ಆಜ್ಞೆ: ಯಾವ ಕಾವಲು ಚಾಲು, ಬರೆದರೆ ಮಾತ್ರ ಹಿಡಿಯಬೇಕೇ, ಓದಿದರೂ ಹಿಡಿಯಬೇಕೇ, ಎಷ್ಟು ಬೈಟ್ ಕಾಯಬೇಕು. ಯಾರಾದರೂ ಮುಟ್ಟಿದರೆ ಪ್ರೊಸೆಸರ್ ಕೆಲಸ ನಿಲ್ಲಿಸಿ ಕರ್ನಲನ್ನು ಕೂಗುತ್ತದೆ. ನಾಲ್ವರಲ್ಲಿ ಕೂಗಿದವನು ಯಾರು ಎಂಬುದು ಡಿಆರ್6ರಲ್ಲಿ ಸಿಗುತ್ತದೆ. ಡಿಆರ್4 ಮತ್ತು ಡಿಆರ್5 ಖಾಲಿ ಬಿಟ್ಟ ಜಾಗ.

ಈಗಿನ 64 ಬಿಟ್ ಪ್ರೊಸೆಸರಿನಲ್ಲಿ ಒಬ್ಬ ಕಾವಲುಗಾರ ಹೆಚ್ಚೆಂದರೆ 8 ಬೈಟ್ ಕಾಯುತ್ತಾನೆ. ನಾಲ್ವರು ಸೇರಿ 32 ಬೈಟ್. ನೆಲ್ಯಾಡಿ ಎಂಬ ಒಂದು ಹೆಸರನ್ನು ಕನ್ನಡದಲ್ಲಿ ಬರೆದಿಡಲು ಫೋನಿಗೆ ಸಾಮಾನ್ಯವಾಗಿ 24 ಬೈಟ್ ಬೇಕು. 8 ಜಿಬಿ ಮೆಮೊರಿ ಅಂದರೆ 850 ಕೋಟಿಗೂ ಹೆಚ್ಚು ಬೈಟ್. ಅಷ್ಟು ದೊಡ್ಡ ತೋಟಕ್ಕೆ ಒಂದು ಊರಿನ ಹೆಸರಿಗಿಂತ ತುಸು ಹೆಚ್ಚು ಜಾಗದ ಕಾವಲು!

ಇನ್ನೂ ಹತ್ತು ಜನರನ್ನು ಇಡಬಾರದೇ ಎಂದು ಕೇಳಬಹುದು. ಪ್ರೊಸೆಸರ್ ಮೆಮೊರಿಗೆ ಹೋದಾಗಲೆಲ್ಲ ಈ ನಾಲ್ಕೂ ವಿಳಾಸಗಳನ್ನು ಒಟ್ಟಿಗೇ ತಾಳೆ ನೋಡಬೇಕು, ಅದೂ ವೇಗ ಕಡಿಮೆಯಾಗದಂತೆ. ಒಬ್ಬೊಬ್ಬ ಹೆಚ್ಚಾದಂತೆ ಚಿಪ್ಪಿನಲ್ಲಿ ಜಾಗ, ಕರೆಂಟು ಎರಡೂ ಹೆಚ್ಚು ಬೇಕು. ಹಾಗಾಗಿ ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ 1985ರ ನಾಲ್ಕು ಇಂದಿಗೂ ನಾಲ್ಕೇ.

ಕೇಳದೆ ಎತ್ತಿಕೊಂಡ ಕಾಲ

ಮಳೆಗಾಲದ ಸುರುವಿಗೆ ಅಡಿಕೆಗೆ ಮದ್ದು ಬಿಡುವವರು ಸಿಗುವುದು ಎಷ್ಟು ಕಷ್ಟ ಎಂದು ಈ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಜನ ನಾಲ್ಕು, ತೋಟ ನಲವತ್ತು. ಒಂದು ಮನೆಯಲ್ಲಿ ಮರ ಹತ್ತಿದವನನ್ನು ಇನ್ನೊಬ್ಬರು ಹೇಳದೆ ಕೇಳದೆ ಕರೆದುಕೊಂಡು ಹೋದರೆ ಮೊದಲ ಮನೆಯವರಿಗೆ ಕೊಳೆರೋಗ ಗ್ಯಾರಂಟಿ.

ಲಿನಕ್ಸ್ 1991ರಲ್ಲಿ ಹುಟ್ಟಿದ್ದೇ 386 ಕಂಪ್ಯೂಟರಿಗಾಗಿ. ಡೀಬಗ್ ರಿಜಿಸ್ಟರುಗಳನ್ನು ಬಳಸುವವರು ಅಲ್ಲಿ ಎರಡು ಕಡೆ ಇದ್ದರು. ಒಂದು ಕಡೆ ಸಾಮಾನ್ಯ ಪ್ರೋಗ್ರಾಂ ಬರೆಯುವವರು. ಅವರ ತಪ್ಪು ಹುಡುಕುವ ಸಾಧನ ಜಿಡಿಬಿ. ಅದು ಪಿಟ್ರೇಸ್ ಎಂಬ ಬಾಗಿಲ ಮೂಲಕ ಬಂದು ರಿಜಿಸ್ಟರುಗಳಿಗೆ ವಿಳಾಸ ತುಂಬುತ್ತಿತ್ತು. ಇನ್ನೊಂದು ಕಡೆ ಕರ್ನಲನ್ನೇ ಪರೀಕ್ಷೆ ಮಾಡುವವರು. ಅವರ ಸಾಧನಗಳು ಕೆಡಿಬಿ, ಕೆಜಿಡಿಬಿ. ಇವು ಯಾರನ್ನೂ ಕೇಳದೆ ನೇರವಾಗಿ ರಿಜಿಸ್ಟರಿಗೇ ಬರೆಯುತ್ತಿದ್ದವು.

ಕಂಪ್ಯೂಟರ್ ಒಂದು ಸೆಕೆಂಡಿಗೆ ಎಷ್ಟೋ ಸಲ ಒಂದು ಪ್ರೋಗ್ರಾಂ ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಹಾಗೆ ಬದಲಾಗುವಾಗ ಹೊಸ ಪ್ರೋಗ್ರಾಂ ಹೇಳಿದ ಕಾವಲನ್ನು ರಿಜಿಸ್ಟರಿಗೆ ತುಂಬುತ್ತಾರೆ. ಅದೇ ಡಿಆರ್0ರಲ್ಲಿ ಕರ್ನಲ್‌ನವರು ಇಟ್ಟ ವಿಳಾಸ ಇದ್ದರೆ ಅಳಿಸಿಹೋಯಿತು. ಯಾರಿಗೂ ಸುದ್ದಿ ಇಲ್ಲ. ಕಾವಲು ಇದೆ ಎಂದು ನಂಬಿ ಕೂತವರು ಯಾರೂ ಮುಟ್ಟಲಿಲ್ಲ ಎಂದು ಬರೆದುಕೊಂಡು ಬೇರೆ ಕಡೆ ಹುಡುಕಲು ಹೋಗುತ್ತಾರೆ. ಕಾವಲು ಇಲ್ಲ ಎಂಬುದಕ್ಕಿಂತ, ಇದೆ ಎಂದುಕೊಂಡ ಕಾವಲು ಇಲ್ಲದಿರುವುದು ದೊಡ್ಡ ನಷ್ಟ.

2002: ಬೆಂಗಳೂರಿನಿಂದ ಒಂದು ಪ್ರಯತ್ನ

ಬೆಂಗಳೂರಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಎಂಬ ವಿಭಾಗ ಇತ್ತು. ಅಲ್ಲಿದ್ದ ವಂಶಿ ಕೃಷ್ಣ ಎಸ್. ಮತ್ತು ಭರತ ಬಿ. ರಾವ್ 2002ರಲ್ಲಿ ಕೆವಾಚ್ ಎಂಬುದನ್ನು ಬರೆದರು. ಕರ್ನಲ್‌ನ ಒಳಗಿನ ಯಾವುದಾದರೂ ವಿಳಾಸಕ್ಕೆ ಡೀಬಗ್ ರಿಜಿಸ್ಟರ್ ಬಳಸಿ ಕಾವಲು ಇಡುವ ವ್ಯವಸ್ಥೆ ಅದು. ಮುಂದೆ ಅದನ್ನು ಹೊಸ ಕರ್ನಲ್‌ಗಳಿಗೆ ಹೊಂದಿಸಿದವರು ಅದೇ ಕಚೇರಿಯ ಪ್ರಸನ್ನ ಎಸ್. ಪಂಚಮುಖಿ. ರಿಜಿಸ್ಟರ್ ಬೇಕಾದವರು ಮೊದಲು ಕೇಳಬೇಕು, ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು ಎಂಬ ಕ್ರಮವೂ ಇವರ ಕೆಲಸದ ಜೊತೆ ಬಂತು.

ಇದೇ ತಂಡದವರ ಇನ್ನೊಂದು ಕೆಲಸ ಕೆಪ್ರೋಬ್ಸ್. ಓಡುತ್ತಿರುವ ಕರ್ನಲ್ ನಿಲ್ಲಿಸದೆ ಅದರ ಯಾವ ಹೆಜ್ಜೆಯಲ್ಲಾದರೂ ಇಣುಕಿ ನೋಡುವ ದಾರಿ ಅದು. ಕೆಪ್ರೋಬ್ಸ್ 2004ರಲ್ಲಿ ಲಿನಕ್ಸ್ 2.6.9ರ ಹೊತ್ತಿಗೆ ಮುಖ್ಯ ಕರ್ನಲ್ಲಿಗೆ ಸೇರಿತು, ಇಂದಿಗೂ ಬಳಕೆಯಲ್ಲಿದೆ. ಕೆವಾಚ್ ಮಾತ್ರ ಹೊರಗೇ ಉಳಿಯಿತು.

ಲಿನಕ್ಸ್‌ಗೆ ಯಾರು ಬೇಕಾದರೂ ಬರೆದು ಕಳುಹಿಸಬಹುದು. ಕಳುಹಿಸಿದ್ದೆಲ್ಲ ಒಳಗೆ ಹೋಗುವುದಿಲ್ಲ. ಎಲ್ಲರೂ ಓದುವ ಜಾಗದಲ್ಲಿ ಇಟ್ಟು, ಬಲ್ಲವರು ಪ್ರಶ್ನೆ ಕೇಳಿ, ಉತ್ತರ ಸರಿ ಕಂಡ ಮೇಲೆ ಮಾತ್ರ ಪ್ರವೇಶ. 2007ರಲ್ಲಿ ಅಮೆರಿಕದ ಅಲನ್ ಸ್ಟರ್ನ್ ಕೆವಾಚನ್ನು ಎತ್ತಿಕೊಂಡು ಹೊಸ ಕರ್ನಲ್ಲಿಗೆ ಹೊಂದಿಸಿ ಕಳುಹಿಸಿದರು. ಮೂಲ ಬರೆದದ್ದು 2002ರಲ್ಲಿ ವಂಶಿ ಕೃಷ್ಣ ಮತ್ತು ಭರತ ರಾವ್, ನಂತರ ಹೊಂದಿಸಿದವರು ಪಂಚಮುಖಿ ಎಂಬುದನ್ನು ಅವರು ಅದರ ಜೊತೆಗೇ ಬರೆದರು. ಪಿಟ್ರೇಸ್ ಬಾಗಿಲನ್ನು ಚೆನ್ನಾಗಿ ಬಲ್ಲ ರೋಲಂಡ್ ಮೆಕ್‌ಗ್ರಾ ಉದ್ದುದ್ದ ಪ್ರಶ್ನೆ ಕೇಳಿದರು. ಸ್ಟರ್ನ್ ಮತ್ತೆ ಮತ್ತೆ ತಿದ್ದಿದರು. ಯಾರಿಗೆ ಎಷ್ಟು ಆದ್ಯತೆ ಎಂಬ ಲೆಕ್ಕ ಸೇರಿಸಿದರು. ಹಾಗೆ ಅದು ಬೆಳೆಯಿತು, ಆದರೂ ಆಗ ಒಳಗೆ ಹೋಗಲಿಲ್ಲ.

2009: ಗದ್ದೆಯ ಎರಡು ಬದಿಯಿಂದ

2008-09ರಲ್ಲಿ ಕೆಲಸ ಮತ್ತೆ ಐಬಿಎಂ ಇಂಡಿಯಾದ ಕೈಗೆ ಬಂತು. ಈ ಸಲ ಹಿಡಿದವರು ಕೆ. ಪ್ರಸಾದ್. 2009ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಲಿನಕ್ಸ್ ಸಿಂಪೋಸಿಯಂನಲ್ಲಿ ಇದರ ಬಗ್ಗೆ ಅವರ ಪ್ರಬಂಧವೂ ಬಂತು.

ಪ್ರಸಾದ್ ಅವರ ಹಂಚಿಕೆ ಸರಳವಾಗಿತ್ತು. ಸಾಮಾನ್ಯ ಪ್ರೋಗ್ರಾಮುಗಳು ಡಿಆರ್0ರಿಂದ ಮೇಲಕ್ಕೆ ಒಂದೊಂದೇ ತೆಗೆದುಕೊಳ್ಳಲಿ. ಕರ್ನಲ್ ಡಿಆರ್3ರಿಂದ ಕೆಳಕ್ಕೆ ಬರಲಿ. ಒಂದೇ ಗದ್ದೆಯಲ್ಲಿ ಎರಡು ಬದಿಯಿಂದ ನೇಜಿ ನೆಡುತ್ತಾ ಬಂದ ಹಾಗೆ. ನಡುವೆ ಇಬ್ಬರೂ ಮುಖಾಮುಖಿಯಾದರೆ ಗದ್ದೆ ಮುಗಿಯಿತು ಎಂದರ್ಥ. ಆಮೇಲೆ ಬಂದವರಿಗೆ ಇಲ್ಲ ಎನ್ನಬೇಕು.

ಇಲ್ಲಿ ಇನ್ನೊಂದು ತೊಡಕು ಇದೆ. ಈಗಿನ ಪ್ರೊಸೆಸರಿನಲ್ಲಿ ಕೋರ್ ಎಂಬ ಹಲವು ಎತ್ತುಗಳಿರುತ್ತವೆ, ಪ್ರತಿ ಕೋರಿಗೂ ಅದರದ್ದೇ ನಾಲ್ಕು ರಿಜಿಸ್ಟರ್. ಒಂದು ಪ್ರೋಗ್ರಾಮಿನ ಕಾವಲು ಆ ಪ್ರೋಗ್ರಾಂ ಹೋದಲ್ಲಿಗೆ ಹೋದರೆ ಸಾಕು. ಕರ್ನಲ್‌ನ ಕಾವಲು ಹಾಗಲ್ಲ. ತಪ್ಪು ಬರವಣಿಗೆ ಯಾವ ಕೋರಿನಿಂದಲೂ ಬರಬಹುದು. ಆದ್ದರಿಂದ ಎಲ್ಲಾ ಕೋರುಗಳಲ್ಲೂ ಒಟ್ಟಿಗೇ ಕಾವಲು ಕೂರಿಸಬೇಕು, ತೆಗೆಯುವಾಗಲೂ ಒಟ್ಟಿಗೇ ತೆಗೆಯಬೇಕು.

2010: ಲೆಕ್ಕದ ಪುಸ್ತಕ

ಕೊನೆಯ ಹೆಜ್ಜೆ ಇಟ್ಟವರು ಫ್ರೆಡರಿಕ್ ವೈಸ್ಬೆಕರ್. ಆ ಹೊತ್ತಿಗೆ ಲಿನಕ್ಸ್‌ಗೆ ಪರ್ಫ್ ಎಂಬ ಹೊಸ ಅಳತೆಯ ವ್ಯವಸ್ಥೆ ಬಂದಿತ್ತು. ಯಾವ ಕೋರಿನಲ್ಲಿ ಯಾವ ಪ್ರೋಗ್ರಾಂ ಓಡುತ್ತಿದೆ, ಅದು ಬದಲಾಗುವಾಗ ಏನು ತುಂಬಬೇಕು ಎಂಬುದನ್ನೆಲ್ಲ ಪರ್ಫ್ ನೋಡಿಕೊಳ್ಳುತ್ತಿತ್ತು. ವೈಸ್ಬೆಕರ್ ಡೀಬಗ್ ರಿಜಿಸ್ಟರುಗಳ ಹಂಚಿಕೆಯನ್ನು ಅದರ ಮೇಲೆ ಕೂರಿಸಿ ಬರೆದರು. 2010ರ ಫೆಬ್ರವರಿ 24ರಂದು ಹೊರಬಂದ ಲಿನಕ್ಸ್ 2.6.33ರಲ್ಲಿ ಅದು ಸೇರಿತು. ಕೆಜಿಡಿಬಿಯನ್ನೂ ಇದೇ ಪದ್ಧತಿಗೆ ತರಲಾಯಿತು.

ಇದರ ಲೆಕ್ಕ ಕೇಳಲು ಚಂದ. ಒಂದು ಕೋರಿನಲ್ಲಿ ಒಂದು ಕ್ಷಣಕ್ಕೆ ಓಡುವುದು ಒಂದೇ ಪ್ರೋಗ್ರಾಂ. ಹತ್ತು ಪ್ರೋಗ್ರಾಮುಗಳು ತಲಾ ಎರಡು ಕಾವಲು ಕೇಳಿದರೆ ಇಪ್ಪತ್ತು ಬೇಕಾಗಿಲ್ಲ, ಎರಡು ಸಾಕು. ಮದ್ದು ಬಿಡುವವನು ಹತ್ತು ತೋಟಕ್ಕೆ ಒಪ್ಪಿಕೊಂಡರೂ ಒಂದು ಹೊತ್ತಿಗೆ ಇರುವುದು ಒಂದೇ ತೋಟದಲ್ಲಿ ತಾನೇ? ಆದ್ದರಿಂದ ಇಡೀ ಕೋರಿಗೆ ಖಾಯಂ ಹಿಡಿದಿಟ್ಟದ್ದು ಎಷ್ಟು, ಯಾವುದೇ ಒಂದು ಪ್ರೋಗ್ರಾಂ ಹೆಚ್ಚೆಂದರೆ ಹಿಡಿದದ್ದು ಎಷ್ಟು, ಇವೆರಡನ್ನು ಕೂಡಿಸುತ್ತಾರೆ. ಮೊತ್ತ ನಾಲ್ಕು ಮೀರಬಾರದು. ಖಾಯಂ ಬೇಡ, ಬಿಡುವಾದಾಗ ಸಿಕ್ಕರೆ ಸಾಕು ಎನ್ನುವವರಿದ್ದರೆ ಅವರಿಗೆ ಕನಿಷ್ಠ ಒಂದು ಉಳಿಸುತ್ತಾರೆ. ಮಿಕ್ಕಿದರೆ ಜಾಗವಿಲ್ಲ ಎಂಬ ಉತ್ತರ ಕೇಳಿದವರಿಗೆ ಅಲ್ಲೇ ಸಿಗುತ್ತದೆ.

ನಮಗೆ ಮುಖ್ಯವಾಗಿ ಕಂಡದ್ದು ಈ ಕೊನೆಯ ಮಾತು. ಮೊದಲೂ ರಿಜಿಸ್ಟರ್ ನಾಲ್ಕೇ, ಈಗಲೂ ನಾಲ್ಕೇ. ಬದಲಾದದ್ದು ಇಷ್ಟು: ಮೊದಲು ಸದ್ದಿಲ್ಲದೆ ಕಿತ್ತುಕೊಳ್ಳುತ್ತಿದ್ದರು, ಈಗ ಇಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಇಲ್ಲ ಎಂದು ಗೊತ್ತಾದವನು ಬೇರೆ ದಾರಿ ಹುಡುಕಿಕೊಳ್ಳಬಲ್ಲ.

ಬೇರೆ ಚಿಪ್, ಬೇರೆ ಪದ್ಧತಿ

ಈ ವ್ಯವಸ್ಥೆ ಇಂಟೆಲ್‌ಗೆ ಮಾತ್ರ ಉಳಿಯಲಿಲ್ಲ. ಐಬಿಎಂನ ಪವರ್ ಪ್ರೊಸೆಸರಿನಲ್ಲಿ ಮೆಮೊರಿ ಕಾಯುವವನು ಆಗ ಒಬ್ಬನೇ. ಅದಕ್ಕೂ 2010ರಲ್ಲಿ ಈ ಹಂಚಿಕೆಯನ್ನು ಒಗ್ಗಿಸಿದವರು ಪ್ರಸಾದ್. ಇಂಟೆಲ್‌ನ ಕಾವಲುಗಾರ ಬರೆದು ಮುಗಿದ ಮೇಲೆ ಕೂಗುತ್ತಾನೆ. ಪವರ್‌ನವನು ಬರೆಯುವ ಮೊದಲೇ ಕೂಗುತ್ತಾನೆ. ಹಾಗಾಗಿ ಅವನನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿ, ಕೆಲಸ ಮುಂದೆ ಬಿಟ್ಟು, ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು.

ಪವರ್9 ಎಂಬ ಚಿಪ್ಪಿನಲ್ಲಿ ಇನ್ನೂ ಕಷ್ಟವಾಯಿತು. ಅದರ ಮೊದಲ ಮಾದರಿಗಳಲ್ಲಿ ಕಾವಲನ್ನು ಒಂದು ಬಗೆಯ ಮೆಮೊರಿಯ ಮೇಲೆ ಇಟ್ಟರೆ ಇಡೀ ಯಂತ್ರವೇ ನಿಂತುಬಿಡುವ ದೋಷ ಇತ್ತು. 2018ರಲ್ಲಿ ಲಿನಕ್ಸ್‌ನವರು ಅಂಥ ಯಂತ್ರಗಳಲ್ಲಿ ಆ ಕಾವಲನ್ನೇ ಬಂದ್ ಮಾಡಿದರು. ಪವರ್10ರಲ್ಲಿ ಕಾವಲುಗಾರರು ಇಬ್ಬರಾದರು. ಒಬ್ಬನಿಗಾಗಿ ಬರೆದಿದ್ದ ಲೆಕ್ಕವನ್ನು 2020ರಲ್ಲಿ ಇಬ್ಬರಿಗೆ ತಿದ್ದಿದವರು ಆಗ ಐಬಿಎಂನಲ್ಲಿದ್ದ ರವಿ ಬಂಗೋರಿಯಾ.

ನಮ್ಮ ಫೋನುಗಳಲ್ಲಿರುವುದು ಆರ್ಮ್ ಮಾದರಿಯ ಪ್ರೊಸೆಸರ್. ಅದಕ್ಕೆ ಈ ವ್ಯವಸ್ಥೆ ತಂದವರು ಆರ್ಮ್ ಕಂಪನಿಯ ವಿಲ್ ಡೀಕನ್. 64 ಬಿಟ್ ಆರ್ಮ್‌ನಲ್ಲಿ ಮೆಮೊರಿ ಕಾಯುವ ರಿಜಿಸ್ಟರುಗಳು ಚಿಪ್ಪಿಗೆ ತಕ್ಕಂತೆ ಹೆಚ್ಚು ಕಡಿಮೆ ಇರಬಹುದು.

2018: ಕಾವಲಿನ ಮೂಲಕವೇ ಕನ್ನ

ಇದೆಲ್ಲ ಎಂಜಿನಿಯರುಗಳ ಮನೆವಾರ್ತೆ, ನಮಗೇನು ಎಂದು ಕೇಳುವವರಿಗೆ 2018ರ ಮೇ ತಿಂಗಳು ಉತ್ತರ ಕೊಟ್ಟಿತು.

ಮೇ 8ರಂದು ಒಂದು ದೋಷ ಹೊರಬಿತ್ತು. ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ಒಂದು ಆಜ್ಞೆ ಇದೆ. ಅದು ನಡೆಯುವಾಗ ಡೀಬಗ್ ರಿಜಿಸ್ಟರ್ ಕೂಗಬೇಕಾಗಿ ಬಂದರೆ, ಆ ಕೂಗು ಮುಂದಿನ ಆಜ್ಞೆ ಮುಗಿಯುವ ತನಕ ತಡವಾಗುತ್ತದೆ. ಮುಂದಿನ ಆಜ್ಞೆ ಕರ್ನಲ್‌ನ ಬಾಗಿಲು ದಾಟುವುದಾಗಿದ್ದರೆ, ಹೊರಗೆ ಹುಟ್ಟಿದ ಕೂಗು ಒಳಗೆ ಬಂದು ಕೇಳಿಸುತ್ತದೆ. ಕರ್ನಲ್ ಅದನ್ನು ತನ್ನ ಮನೆಯದ್ದೇ ಕೂಗು ಎಂದು ತಿಳಿದು ಮೋಸಹೋಗುತ್ತಿತ್ತು. ಪ್ರೊಸೆಸರಿನ ಕೈಪಿಡಿಯನ್ನು ಹಲವರು ಒಂದೇ ರೀತಿಯಲ್ಲಿ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರು. ವಿಂಡೋಸ್, ಆಪಲ್‌ನ ಮ್ಯಾಕ್, ಲಿನಕ್ಸ್, ಫ್ರೀಬಿಎಸ್‌ಡಿ, ಎಲ್ಲರೂ ತಿದ್ದುಪಡಿ ಹೊರಡಿಸಬೇಕಾಯಿತು.

ಅದೇ ವರ್ಷ ಲಿನಕ್ಸ್‌ನ ಹಂಚಿಕೆಯ ಕಡತದಲ್ಲೂ ಒಂದು ದೋಷ ಸಿಕ್ಕಿತು. ಇರುವ ಕಾವಲನ್ನು ಬದಲಿಸಲು ತಪ್ಪು ವಿವರ ಕೊಟ್ಟರೆ ಬೇಡ ಎಂದು ನಿಲ್ಲಬೇಕಿತ್ತು. ಅದು ಅರ್ಧ ಬದಲಿಸಿ ಬಿಡುತ್ತಿತ್ತು. ಆಂಡಿ ಲುಟೊಮಿರ್ಸ್ಕಿ ಅದನ್ನು ಪತ್ತೆ ಮಾಡಿದರು, ಲಿನಸ್ ಟೋರ್ವಾಲ್ಡ್ಸ್ ಅವರೇ ಕಡತವನ್ನು ಸರಳಗೊಳಿಸಿ ತಿದ್ದಿದರು. 2020ರ ಲಿನಕ್ಸ್ 5.8ರಿಂದ ಕರ್ನಲ್ ತನ್ನ ಪ್ರವೇಶದ್ವಾರದ ಕೆಲವು ಸೂಕ್ಷ್ಮ ಜಾಗಗಳ ಮೇಲೆ ಕಾವಲು ಇಡಲು ಯಾರಿಗೂ ಬಿಡುವುದಿಲ್ಲ.

ನಾವು ಫೋನಿನಲ್ಲಿ ಹಣ ಕಳಿಸುತ್ತೇವೆ, ಪಹಣಿ ನೋಡುತ್ತೇವೆ. ಇದರ ಇನ್ನೊಂದು ತುದಿಯಲ್ಲಿರುವ ಕಂಪ್ಯೂಟರುಗಳಲ್ಲೂ ಇಂಥದೇ ಕರ್ನಲ್‌ಗಳು ಓಡುತ್ತವೆ. ಹಂಚಿಕೆಯಲ್ಲಿ ಒಂದು ಸಾಲು ತಪ್ಪಿದರೆ ಅದು ತಪ್ಪು ಹುಡುಕುವವರ ತಲೆನೋವಾಗಿ ಮಾತ್ರ ಉಳಿಯುವುದಿಲ್ಲ.

ಕಡತದ ತಲೆಯಲ್ಲಿ ಮೂರು ಹೆಸರು

ಲಿನಕ್ಸ್‌ನ ಈ ಕಡತ ಯಾರು ಬೇಕಾದರೂ ತೆರೆದು ಓದುವಂತೆ ಇದೆ. ಅದರ ಮೊದಲ ಸಾಲುಗಳಲ್ಲಿ ಬರೆದವರು ಎಂದು ಮೂರು ಹೆಸರಿವೆ: ಅಲನ್ ಸ್ಟರ್ನ್, ಕೆ. ಪ್ರಸಾದ್, ಫ್ರೆಡರಿಕ್ ವೈಸ್ಬೆಕರ್. ಸಲಹೆಗಳಿಗಾಗಿ ಇಂಗೋ ಮೊಲ್ನಾರ್ ಅವರಿಗೆ ಕೃತಜ್ಞತೆಯೂ ಇದೆ. ಕಲಿಯುವವರಿಗೆಂದು ಪ್ರಸಾದ್ ಬರೆದ ಒಂದು ಪುಟ್ಟ ಮಾದರಿ ಪ್ರೋಗ್ರಾಂ ಕೂಡ ಕರ್ನಲ್‌ನ ಜೊತೆಗೇ ಸಿಗುತ್ತದೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಲಿನಕ್ಸ್ ಇದ್ದರೆ ನಮ್ಮ ಮಕ್ಕಳೂ ಅದನ್ನು ಓದಿ, ಕಾವಲು ಇಟ್ಟು ನೋಡಬಹುದು.

2002ರಲ್ಲಿ ಸುರು ಮಾಡಿದವರ ಹೆಸರು ಆ ಸಾಲುಗಳಲ್ಲಿ ಇಲ್ಲ. ಅವರು ಬರೆದದ್ದನ್ನು ಮುಂದಿನವರು ಹಲವು ಸಲ ಬಿಚ್ಚಿ ಕಟ್ಟಿದ್ದಾರೆ. ಆದರೂ 2007ರಲ್ಲಿ ಸ್ಟರ್ನ್ ಅವರ ಹೆಸರು ಹೇಳಿಯೇ ಮುಂದಿನ ಹೆಜ್ಜೆ ಇಟ್ಟರು, ಆ ಮಾತು ಲಿನಕ್ಸ್‌ನ ಹಳೆಯ ದಾಖಲೆಗಳಲ್ಲಿ ಹಾಗೇ ಇದೆ. ಎಂಟು ವರ್ಷ, ಮೂರು ದೇಶಗಳ ಕೈ, ಹಲವು ಸಲ ತಿರಸ್ಕಾರ. ಇಷ್ಟೆಲ್ಲ ಆದದ್ದು ಐದನೆಯ ರಿಜಿಸ್ಟರ್ ಹುಟ್ಟಿಸಲು ಅಲ್ಲ, ಇರುವ ನಾಲ್ಕನ್ನು ಯಾರಿಗೂ ಮೋಸವಾಗದಂತೆ ಹಂಚಲು.